ಬಿಳಿ ಕೋಲಾಕಾಯಿ

ಅಪ್ಪನ ತುಟಿಯ ಅಂಚಿನಲ್ಲಿ ಕಿತ್ತಳೆ ಬಣ್ಣ ಕಂಡಾಗ ಲೋರ್ಪು ಅದನ್ನು ಮೊದಲು ತಾಳೆ ಎಣ್ಣೆ ಎಂದುಕೊಂಡಳು. ಆಮೇಲೆ, ನಿನ್ನೆಯ ಅನ್ನಕ್ಕೆ ಎಣ್ಣೆಯೇ ಇರಲಿಲ್ಲವೆಂಬುದು ನೆನಪಾಯಿತು. ಬರೀ ಉಪ್ಪು, ಮೆಣಸಿನಕಾಯಿ ನುರಿದು ಕಲೆಸಿಕೊಟ್ಟಿದ್ದಳು.

ಕೈಯಲ್ಲಿದ್ದ ಬೇಯಿಸಿದ ಮರಗೆಣಸಿನ ಬಟ್ಟಲನ್ನು ಕೆಳಗಿಡದೆ ಅವಳು ಹಾಗೆಯೇ ನಿಂತಳು. ಅಪ್ಪ ಕಾಲು ಅಗಲಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪಹರೆಯವನ ಠೀವಿಯಲ್ಲಿ ನಿಂತಿದ್ದ. ಪಕ್ಕದಲ್ಲಿ ಲಾರಿಯ ಹಳೆ ಟಯರು, ಅದರ ಮೇಲೊಂದು ಹಲಗೆ, ಹಲಗೆಯ ಮೇಲೆ ಪಿಂಗಾಣಿ ತಟ್ಟೆ, ತಟ್ಟೆಗೆ ಮುಚ್ಚಿದ ಬಿಳಿ ಬಟ್ಟೆ. ನಿನ್ನೆ ಸಂಜೆ ಆ ಬಟ್ಟೆ ನಡುವೆ ಮೊಟ್ಟೆ ಅಡಗಿಸಿಟ್ಟ ಹಾಗೆ ಉಬ್ಬಿತ್ತು. ಈಗ ಚಪ್ಪಟೆಯಾಗಿತ್ತು.

"ಅಪ್ಪಾ, ಏನ್ ತಿಂದೆ?"

"ನೀನಿನ್ನೂ ಕೊಟ್ಟೇ ಇಲ್ವಲ್ಲ, ಏನ್ ತಿನ್ಲಿ?"

"ಬಾಯಲ್ಲಿ ಬಣ್ಣ ಐತೆ."

ಅಪ್ಪ ಕೆರ್ಕುಲಾ ಮುಂಗೈಯಿಂದ ತುಟಿ ಒರೆಸಿಕೊಂಡ. "ಓ, ಅದಾ. ಬೆಳಗಿನ ಜಾವ ಕಣ್ಣು ಎಳೀತಿತ್ತು. ಜೇಬಲ್ಲಿ ಕೋಲಾಕಾಯಿ ಇತ್ತಲ್ಲ, ಅದನ್ನ ಅಗಿದೆ. ಒಳ್ಳೇದಿತ್ತು ಮಗಳೇ. ಅಂಥದ್ದು ಬಾಯಿಗೆ ಬಿದ್ದು ಎಷ್ಟು ಕಾಲ ಆಗಿತ್ತೋ. ಎಲ್ಲಿಂದ ತಂದಿದ್ದೆ?"

ಲೋರ್ಪು ಅಪ್ಪನ ಜೇಬು ನೋಡಿದಳು. ಆ ಅಂಗಿಯನ್ನು ಮೊನ್ನೆ ಒಗೆದು ಹಾಕಿದವಳು ಅವಳೇ. ಜೇಬಿಗೆ ತೂತು ಬಿದ್ದು ತಿಂಗಳುಗಳಾಗಿದ್ದವು. ಅದರಲ್ಲಿ ಕೋಲಾ ಹೋಗಲಿ, ಬೆಂಕಿಕಡ್ಡಿಯೂ ನಿಲ್ಲುತ್ತಿರಲಿಲ್ಲ.

ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಯಾವ ಕಡೆಯಿದೆ, ಎದುರಿಗೆ ಯಾರೋ ನಿಂತಿದ್ದಾರೆ ಎನ್ನುವಷ್ಟು ಕಾಣುತ್ತಿತ್ತು, ಅಷ್ಟೇ. ಹಿಂದೆ ಸೈನ್ಯದಲ್ಲಿದ್ದಾಗ ಪಹರೆಗೆ ನಿಂತವರೆಲ್ಲ ನಿದ್ದೆಯನ್ನೂ ಹಸಿವನ್ನೂ ದೂಡಲು ಅಡಿಕೆಯ ಹಾಗೆ ಕೋಲಾ ಅಗಿಯುತ್ತಿದ್ದರು. ಅವನ ಮನಸ್ಸು ಬೆಳಗಿನ ಜಾವದ ಮಂಪರಿನಲ್ಲಿ ಆ ಕಾಲಕ್ಕೆ ಹೋಗಿರಬೇಕು. ಕೈ ತನ್ನಷ್ಟಕ್ಕೆ ತಾನು ಚಾಚಿರಬೇಕು. ಚಾಚಿದ ಕಡೆ ಕೋಲಾ ಸಿಕ್ಕಿತ್ತು.

ಆದರೆ ತಟ್ಟೆಯಲ್ಲಿದ್ದ ಆ ಬಿಳಿ ಕೋಲಾ ಮಂತ್ರಿ ಕಳುಹಿಸಿದ್ದು.

ನಿನ್ನೆ ಅದನ್ನು ತಂದವನು ವಾರ್ನಿ ಅಜ್ಜ. ಊರಿನ ಜಗಳಗಳನ್ನು ಕೂತು ಬಗೆಹರಿಸುವ ಹಿರಿಯ, ಯಾರ ಕಡೆಯವನೂ ಅಲ್ಲವೆಂದು ಹೆಸರಾದವನು. ರಸ್ತೆಯ ನಡುವೆ ಟಯರು ಜೋಡಿಸಿ ಕೂತಿದ್ದ ಹಳೆ ಸೈನಿಕರ ಮುಂದೆ ಮೊಣಕಾಲೂರಿ, ಸಾರ್ಜೆಂಟ್ ಟಾರ್ಪೆಯ ಪಾದ ಮುಟ್ಟಿ, "ಮಂತ್ರಿಗಳ ಪರವಾಗಿ ನಿಮ್ಮ ಕಾಲು ಹಿಡೀತೀನಿ" ಎಂದಿದ್ದ. ಎರಡು ತಿಂಗಳ ಸಂಬಳ ಕೊಡುತ್ತಾರಂತೆ. ಮಿಕ್ಕಿದ್ದರ ಮಾತು ಇನ್ನು ಎತ್ತಬಾರದಂತೆ. ರಸ್ತೆ ಬಿಟ್ಟು ಮನೆಗೆ ಹೋಗಬೇಕಂತೆ.

ಯುದ್ಧ ಮುಗಿದು ವರ್ಷಗಳೇ ಆಗಿದ್ದವು. ಹೊಸ ಸೈನ್ಯ ಕಟ್ಟುವಾಗ ಹಳಬರನ್ನೆಲ್ಲ ಮನೆಗೆ ಕಳುಹಿಸಿದ್ದರು. ಯುದ್ಧದುದ್ದಕ್ಕೂ ಬಾಕಿ ಬಿದ್ದ ಸಂಬಳ ಮಾತ್ರ ಇವತ್ತು, ನಾಳೆ ಎನ್ನುತ್ತ ಹಾಗೇ ಉಳಿದಿತ್ತು. ಅದಕ್ಕೇ ಇವರು ಮಳೆಗಾಲದ ಶುರುವಿನಿಂದ ರಾಜಧಾನಿ ಮನ್ರೋವಿಯಾದ ಈ ದೊಡ್ಡ ರಸ್ತೆಯಲ್ಲಿ ಕೂತಿದ್ದರು.

ಕೋಲಾ ಒಡೆದು ತಿಂದರೆ ಮಾತಿಗೆ ಒಪ್ಪಿದ ಹಾಗೆ. ಇಡಿಯಾಗಿ, ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟರೆ ಒಪ್ಪಿಲ್ಲ, ಆದರೆ ಜಗಳವೂ ಇಲ್ಲ ಎಂದ ಹಾಗೆ. ತಿಂದ ಮೇಲೆ ಮಾತು ತಪ್ಪಿದವನ ಮನೆಯಲ್ಲಿ ಯಾರೂ ನೀರು ಸಹ ಕುಡಿಯುವುದಿಲ್ಲ. ಟಾರ್ಪೆ ನಿನ್ನೆ ಹೇಳಿದ್ದು ಇಷ್ಟೇ: "ನಾಳೆ ಸಂಜೆ ಉತ್ತರ ಕೊಡ್ತೀವಿ ಅಜ್ಜಾ. ಅಲ್ಲೀತನಕ ಇದನ್ನ ಯಾರೂ ಮುಟ್ಟಲ್ಲ." ಕಾವಲಿಗೆ ಕೆರ್ಕುಲಾನನ್ನು ಕರೆದಿದ್ದ. ಬೇರೆ ಯಾರನ್ನೂ ಕರೆಯುವ ಹಾಗಿರಲಿಲ್ಲ. ಮುತ್ತಿಗೆಯ ದಿನಗಳಲ್ಲಿ ಅಕ್ಕಿ ಉಗ್ರಾಣ ಕಾಯುತ್ತಿದ್ದ ಕೆರ್ಕುಲಾ ಹಸಿವಿನಿಂದ ಮೂಟೆಗಳ ಮೇಲೇ ಮೂರ್ಛೆ ಬಿದ್ದಿದ್ದ. ಒಂದು ಮೂಟೆಯ ದಾರವನ್ನೂ ಬಿಚ್ಚಿರಲಿಲ್ಲ. ಇಲ್ಲಿ ಕೂತವರೆಲ್ಲರಿಗೂ ಆ ಕತೆ ಬಾಯಿಪಾಠವಾಗಿತ್ತು.

ಲೋರ್ಪು ಸುತ್ತ ನೋಡಿದಳು. ತಾಡಪಾಲಿನ ಕೆಳಗೆ ಗಂಡಸರು ಒಬ್ಬೊಬ್ಬರಾಗಿ ಏಳುತ್ತಿದ್ದರು. ಕೆಮ್ಮು, ಆಕಳಿಕೆ, ಟ್ಯಾಕ್ಸಿಗಳ ಹಾರನ್ನು.

ಸುಮ್ಮನಿದ್ದರೆ ಸಾಕಿತ್ತು. ತಟ್ಟೆ ಖಾಲಿಯಾಗಿದೆ ಎಂದು ಇನ್ನಾರೋ ನೋಡುತ್ತಿದ್ದರು, ಕೂಗುತ್ತಿದ್ದರು, ಮಾತು ಮುಗಿದುಹೋಗುತ್ತಿತ್ತು. ಎರಡು ತಿಂಗಳ ಸಂಬಳ ತಗೊಂಡು ಎಲ್ಲರೂ ಮನೆಗೆ. ಅವಳು ಸೊಂಟಕ್ಕೆ ಸುತ್ತಿದ ಲಪ್ಪಾ ಬಟ್ಟೆಯ ತುದಿಯಲ್ಲಿ ದೂರದ ಗಾಂಟಾ ಊರಿಗೆ ಹೋಗುವ ಗಾಡಿಯ ಬಾಡಿಗೆ ಗಂಟು ಕಟ್ಟಿಟ್ಟಿತ್ತು. ಗಾಂಟಾದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಚಿಕ್ಕಮ್ಮ, "ಈ ವಾರ ಬಂದ್ರೆ ಬಾ, ಇಲ್ಲಾಂದ್ರೆ ಬೇರೆ ಹುಡುಗೀನ ಕೂರಿಸ್ಕೊಳ್ತೀನಿ" ಎಂದು ಹೇಳಿಕಳುಹಿಸಿದ್ದಳು. ಅಪ್ಪ ರಸ್ತೆಯಲ್ಲಿ ಕೂತಿರುವಷ್ಟು ದಿನ ಅವಳೂ ಈ ರಸ್ತೆಗೆ ಬಟ್ಟಲು ಹೊತ್ತು ಬರಲೇಬೇಕು. ಅಪ್ಪ ಎದ್ದರೆ ಅವಳೂ ಎದ್ದಹಾಗೆ.

ಒಂದು ಮಾತು ಆಡಬೇಕಾಗಿಯೂ ಇರಲಿಲ್ಲ.

"ಏನ್ ಕಾರ್ಪೋರಲ್, ರಾತ್ರಿ ಶತ್ರು ಬಂದ್ನಾ?" ಮುಲ್ಬಾ ಊರುಗೋಲು ಹುಡುಕುತ್ತ ತಾಡಪಾಲಿನಡಿಯಿಂದ ಕೂಗಿದ. ಮೊಣಕಾಲಿನ ಕೆಳಗೆ ಒಂದು ಕಾಲಿಲ್ಲದವನು, ಬಾಯಿ ಮಾತ್ರ ಇಬ್ಬರಿಗಾಗುವಷ್ಟು.

"ಬಂದಿದ್ದ. ನಿನ್ನ ಗೊರಕೆ ಕೇಳಿ ಫಿರಂಗಿ ಅಂದ್ಕೊಂಡು ಓಡಿಹೋದ" ಎಂದ ಕೆರ್ಕುಲಾ.

ಎಲ್ಲರೂ ನಕ್ಕರು. ಟಾರ್ಪೆ ನಗುತ್ತಲೇ ಎದ್ದುಬಂದ. ತಟ್ಟೆಯ ಮುಂದೆ ಬಂದಾಗ ನಗು ನಿಲ್ಲಿಸಿ, ಹರಿದ ಚಪ್ಪಲಿಯ ಹಿಮ್ಮಡಿಗಳನ್ನು ಕೂಡಿಸಿ, ಕುರುಡನಿಗೆ ಕಾಣುವುದಿಲ್ಲವೆಂದು ಗೊತ್ತಿದ್ದರೂ ಸೆಲ್ಯೂಟ್ ಹೊಡೆದ. "ಕಾರ್ಪೋರಲ್, ಎಲ್ಲಾ ಸರಿ ಐತಾ?"

"ತಟ್ಟೆ ಸುರಕ್ಷಿತ, ಸಾರ್ಜೆಂಟ್."

ಆ ಮಾತು ಹೇಳುವಾಗ ಅಪ್ಪನ ಗದ್ದ ಮೇಲಕ್ಕೆದ್ದಿತು. ಬ್ಯಾರಕ್ಕಿನ ಹಿಂದಿನ ತಮ್ಮ ತಗಡಿನ ಗುಡಿಸಲಲ್ಲಿ, ಗೋಡೆ ಸವರಿಕೊಂಡು ಬಕೆಟ್ಟು ಹುಡುಕುವ ಅಪ್ಪನಲ್ಲ ಅದು. ಟಾರ್ಪೆ ಅತ್ತ ತಿರುಗಿದ ಕೂಡಲೇ ಲೋರ್ಪುವಿನ ಕೈ ಅವಳನ್ನು ಕೇಳದೆ ಕೆಲಸ ಮಾಡಿತು. ಬಟ್ಟಲಿನಿಂದ ಮರಗೆಣಸಿನ ಗಟ್ಟಿ ತುಂಡೊಂದನ್ನು ಮುರಿದು, ನೊಣ ಓಡಿಸುವವಳ ಹಾಗೆ ಬಾಗಿ, ಬಟ್ಟೆಯ ಅಡಿಗೆ ತಳ್ಳಿದಳು. ಬಟ್ಟೆ ಮತ್ತೆ ಉಬ್ಬಿತು.

"ಅಪ್ಪಾ, ಹತ್ರ ಯಾರನ್ನೂ ಬಿಡಬೇಡ. ಸಾರ್ಜೆಂಟ್ ಬಂದ್ರೂ ಬಟ್ಟೆ ಎತ್ತೋಕೆ ಬಿಡಬೇಡ."

"ನಂಗೇ ಪಹರೆ ಹೇಳ್ಕೊಡ್ತೀಯಾ? ಮೊದ್ಲು ಆ ಗೆಣಸು ಕೊಡು."

ಬಟ್ಟಲನ್ನು ಅಪ್ಪನ ಕೈಗಿಟ್ಟು ಅವಳು ಕಾಲಿಗೆ ಬುದ್ಧಿ ಹೇಳಿದಳು.

ವಾಟರ್‌ಸೈಡ್ ಸಂತೆಯಲ್ಲಿ ಕೋಲಾ ಮಾರುವ ಹೆಂಗಸರು ಸಾಲಾಗಿ ಕೂರುತ್ತಾರೆ. ಒದ್ದೆ ಎಲೆಗಳಲ್ಲಿ ಸುತ್ತಿದ ಕಾಯಿಗಳನ್ನು ಬುಟ್ಟಿಯಿಂದ ತೆಗೆದು ತೆಗೆದು ತೋರಿಸಿದರು. ಕೆಂಪು, ಕಡುಕೆಂಪು, ಗುಲಾಬಿ. ಬಿಳಿ ಇರಲಿಲ್ಲ. ಶನಿವಾರ ಯಾರೋ ದೊಡ್ಡವರ ಮಗಳ ಮದುವೆಯಂತೆ, ಗಂಡಿನ ಕಡೆಯವರು ಬಿಳಿಯದ್ದನ್ನೆಲ್ಲ ಬುಟ್ಟಿ ಸಮೇತ ಎತ್ತಿಕೊಂಡು ಹೋಗಿದ್ದರಂತೆ.

"ಗುಲಾಬಿದು ತಗೋ. ಕತ್ತಲಲ್ಲಿ ಬಿಳೀನೇ ಅನ್ಸುತ್ತೆ" ಎಂದಳು ಒಬ್ಬಳು.

"ಹಗಲಲ್ಲಿ ಬೇಕಿತ್ತಮ್ಮ."

"ಹಂಗಾದ್ರೆ ಡುವಾಲಾ ಸಂತೆಗೆ ಹೋಗು. ಫೋಫಾನಾ ಹತ್ರ ಇರಬೋದು. ಅವ್ನು ತನ್ನ ಸಾವಿಗೆ ಅಂತಾನೂ ಬಿಳಿ ಕೋಲಾ ಎತ್ತಿಟ್ಟಿರೋನು."

ಡುವಾಲಾಕ್ಕೆ ಸೇತುವೆ ದಾಟಿ ಹೋಗಬೇಕು. ಬಾಡಿಗೆ ಬೈಕಿನವನು ಕೇಳಿದ ದುಡ್ಡು ಕೊಟ್ಟರೆ ಕೋಲಾಗೆ ಉಳಿಯುತ್ತದೋ ಇಲ್ಲವೋ ಎಂದು ಅವಳು ನಡೆದಳು, ನಡೆದಳೆನ್ನುವುದಕ್ಕಿಂತ ಓಡಿದಳು. ಸೇತುವೆಯ ಮೇಲೆ ಗಾಳಿ ಲಪ್ಪಾವನ್ನು ಎಳೆಯುತ್ತಿತ್ತು. ಹಿಂದಿನಿಂದ ಬಂದ ಕೈಗಾಡಿಯವರು ದಾರಿ ಬಿಡು ಎಂದು ಬೈದರು. ಅಪ್ಪ ಈಗ ಏನು ಮಾಡುತ್ತಿರಬಹುದು, ಯಾರಾದರೂ ಬಟ್ಟೆ ಎತ್ತಿರಬಹುದೇ, ಇರುವೆ ಹತ್ತಿರಬಹುದೇ ಎಂದು ತಲೆಯೊಳಗೆ ಒಂದೇ ಸಮನೆ ಕೊರೆಯುತ್ತಿತ್ತು. ಅರ್ಧ ಸೇತುವೆಯಲ್ಲಿ ನಿಂತು, ವಾಪಸು ಹೋಗಿಬಿಡಲೇ ಅಂದುಕೊಂಡಳು. ನಿಂತದ್ದಕ್ಕೆ ಕೈಗಾಡಿಯವರು ಮತ್ತೆ ಬೈದರು. ಮುಂದಕ್ಕೇ ಹೋದಳು.

ಫೋಫಾನಾ ಗಡ್ಡ ನರೆತ ವ್ಯಾಪಾರಿ. ಟೋಪಿ ಹಾಕಿಕೊಂಡು, ಬುಟ್ಟಿಗಳ ನಡುವೆ ಸಣ್ಣ ಮಣೆಯ ಮೇಲೆ ಕೂತಿದ್ದ. ಅವಳ ಮಾತು ಕೇಳಿ ತಲೆಯಾಡಿಸಿದ.

"ಬಿಳಿ ಇಲ್ಲ ಮಗಳೇ. ನನ್ನ ಹತ್ರ ಇದ್ದಿದ್ದೂ ಮದುವೆ ಮನೆಗೇ ಹೋಯ್ತು. ನಿನಗ್ಯಾಕೆ ಬೇಕಿತ್ತು, ನಿಂದೂ ಮದುವೆನಾ?"

ಲೋರ್ಪು ಅಲ್ಲವೆಂದು ತಲೆಯಾಡಿಸಿದಳು.

"ಹಂಗಾದ್ರೆ ಕ್ಷಮೆ ಕೇಳೋಕಾ? ಯಾರ ಹತ್ರ ಏನ್ ಮಾಡ್ಕೊಂಡೆ?"

"ಒಂದು ತಟ್ಟೇಲಿಡಬೇಕು."

"ಯಾರ ತಟ್ಟೆ?"

ಅಪರಿಚಿತರ ಜೊತೆ ಎರಡು ಮಾತಿಗಿಂತ ಹೆಚ್ಚು ಆಡಿ ಗೊತ್ತಿಲ್ಲದವಳು ಅವಳು. ಆದರೆ ಓಡಿ ಓಡಿ ಬಂದ ಉಸಿರಿನ ಜೊತೆಗೇ ಮಾತೂ ಹೊರಬಿತ್ತು. ರಸ್ತೆ, ಟಯರು, ಮಂತ್ರಿ, ಅಪ್ಪ, ಅಪ್ಪನ ತುಟಿ. ಎಲ್ಲ ಹೇಳಿ ಮುಗಿಸಿದ ಮೇಲೆ ಅವಳಿಗೇ ಹೆದರಿಕೆಯಾಯಿತು.

ಫೋಫಾನಾ ಒಂದು ಕಾಯಿಯ ಮೇಲಿನ ಎಲೆ ಸರಿಮಾಡಿದ. "ಹಳೇ ಸೈನ್ಯದೋರು" ಎಂದ. "ಯುದ್ಧದಾಗೆ ಅವರ ಒಂದು ತುಕಡಿ ನನ್ನ ಅಂಗಡೀಲಿ ಮೂರು ರಾತ್ರಿ ಇತ್ತು. ಹೋಗೋವಾಗ ಬಾಗಿಲೂ ಇರಲಿಲ್ಲ, ಬುಟ್ಟೀನೂ ಇರಲಿಲ್ಲ. ನಿಮ್ಮಪ್ಪ ಇದ್ನೋ ಇಲ್ವೋ ಗೊತ್ತಿಲ್ಲ. ಸಂಬಳ ಬಂದ ದಿನ ನಂಗೂ ಹೇಳಿಕಳಿಸು. ಅವರು ತಿಂದ ಕೋಲಾದ ದುಡ್ಡು ಇನ್ನೂ ಬಂದಿಲ್ಲ."

ಅವಳು ಕಾಲಿನ ಕೆಸರು ನೋಡಿದಳು.

"ಕೆಂಪು ಐತೆ, ಬೇಕಾ? ತಟ್ಟೇಲಿ ಕೆಂಪು ಇಟ್ರೆ ಏನರ್ಥ ಅಂತ ಗೊತ್ತಲ್ಲ?"

ಗೊತ್ತಿತ್ತು. ಬಿಳಿ ಕೊಟ್ಟವರಿಗೆ ಕೆಂಪು ಕೊಟ್ಟರೆ ಕದನ ಎಂದರ್ಥ. ಅಂಥ ಉತ್ತರ ಕೊಟ್ಟದ್ದನ್ನು ಅವಳು ಕೇಳಿದ್ದಳೇ ಹೊರತು ನೋಡಿರಲಿಲ್ಲ.

"ಕೊಡಿ" ಎಂದಳು.

ಫೋಫಾನಾ ಅವಳ ಮುಖ ನೋಡಿದ. ದುಡ್ಡು ಎಣಿಸಿ ತಗೊಂಡ, ಒಂದು ಪೈಸೆಯೂ ಬಿಡಲಿಲ್ಲ. ಆದರೆ ಎಲೆಯಲ್ಲಿ ಒಂದರ ಬದಲು ಒಂದು ಹಿಡಿ ಕೆಂಪು ಕಾಯಿ ಸುತ್ತಿಕೊಟ್ಟ. "ಬಿಳೀದಕ್ಕೆ ಅಂತ ತಂದ ದುಡ್ಡು ಇದು. ಅಷ್ಟಕ್ಕೆ ಇಷ್ಟು ಬರುತ್ತೆ" ಎಂದ.

ಪಕ್ಕದ ಅಂಗಡಿಯಲ್ಲಿ ಒಬ್ಬ ದಪ್ಪನೆಯ ಹೆಂಗಸು ಬಿಳಿ ಮಣ್ಣಿನ ಉಂಡೆ ಮಾರುತ್ತಿದ್ದಳು. ಬಸುರಿಯರು ಕಡಿದು ತಿನ್ನುವ ಮಣ್ಣು. ಲೋರ್ಪು ಅದನ್ನೇ ನೋಡುತ್ತ ನಿಂತದ್ದು ಕಂಡು ಹೆಂಗಸು ಕೇಳಿದಳು, "ಎಷ್ಟು ತಿಂಗಳು, ಮಗಳೇ?"

"ನಂಗಲ್ಲಮ್ಮ."

"ಎಲ್ರೂ ಹಂಗೇ ಅಂತಾರೆ. ಆಮೇಲೆ ಮಗು ಹಂಗನ್ನಲ್ಲ. ತಗೋ, ಚೂರು ತಗೋ."

ವಾಪಸು ಬರುವಾಗ ಸೇತುವೆಯ ಕಟಾಂಜನಕ್ಕೆ ಬೆನ್ನು ಕೊಟ್ಟು ಕೂತು, ಅವಳು ಮಣ್ಣನ್ನು ಅಂಗೈಯಲ್ಲಿ ನುರಿದು, ಉಗುಳು ಸೇರಿಸಿ, ಒಂದು ಕಾಯಿಗೆ ತಿಕ್ಕಿದಳು. ಮೊದಲು ಅದು ರೋಗ ಹಿಡಿದ ಹಾಗೆ ಕಂಡಿತು. ಮತ್ತೆ ತಿಕ್ಕಿದಳು. ಗಾಳಿಗೆ ಒಣಗಿದ ಮೇಲೆ, ಕಣ್ಣು ಅರ್ಧ ಮುಚ್ಚಿ ನೋಡಿದರೆ ಬಿಳಿ. ಪೂರ್ತಿ ತೆರೆದರೂ, ಮುಟ್ಟದಿದ್ದರೆ, ಬಿಳಿಯೇ. ಮುಟ್ಟುವವರು ಯಾರು? ಟಾರ್ಪೆ ಮಾಮ ಹಿಂದಕ್ಕೆ ಕೊಡುವವನೇ, ಒಡೆಯುವವನಲ್ಲ. ತಟ್ಟೆ ಸಮೇತ ಕೊಡುತ್ತಾನೆ, ಅಜ್ಜ ತಟ್ಟೆ ಸಮೇತ ಒಯ್ಯುತ್ತಾನೆ. ಅಷ್ಟೇ. ಆಮೇಲೆ ಅದು ಮಂತ್ರಿಯ ಮನೆಯಲ್ಲಿ ಏನಾದರೂ ಆಗಲಿ. ಉಳಿದ ಕಾಯಿಗಳನ್ನು ಲಪ್ಪಾದ ತುದಿಯಲ್ಲಿ ಗಂಟು ಹಾಕಿಕೊಂಡಳು. ಬೆಳಿಗ್ಗೆ ಅಲ್ಲಿ ಗಾಂಟಾದ ಬಾಡಿಗೆ ಇತ್ತು.

ರಸ್ತೆಗೆ ಮರಳಿದಾಗ ಗಂಡಸರು ಗುಂಪಾಗಿ ಜಗಳವಾಡುತ್ತಿದ್ದರು.

"ಎರಡು ತಿಂಗಳದ್ದು ಅಂದ್ರೆ ಎರಡು ತಿಂಗಳದ್ದು" ಮುಲ್ಬಾ ಊರುಗೋಲಿನಿಂದ ನೆಲ ಕುಟ್ಟುತ್ತಿದ್ದ. "ನನ್ನ ಹೆಂಡ್ತಿ ಹೊಟ್ಟೆ ಮುಂದಿಟ್ಕೊಂಡು ಮನೆ ಬಾಡಿಗೆಯೋನ್ನ ಕಾಯ್ತಾ ಕೂತವ್ಳೆ. ಅವಳಿಗೆ ನಿಮ್ಮ ಮರ್ಯಾದೆ ಬೇಯಿಸಿ ಹಾಕ್ಲಾ?"

"ಎರಡು ತಿಂಗಳದ್ದು ತಿಂದ್ಮೇಲೆ ಏನ್ ಬೇಯಿಸಿ ಹಾಕ್ತೀಯ?" ಎಂದ ಟಾರ್ಪೆ.

"ತಿಂದ್ಮೇಲಿನ ಮಾತು ತಿಂದ್ಮೇಲೆ ನೋಡಾಣ. ನಿಂಗೆ ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ನೀನು ಈ ಟಯರನ್ನೇ ಮದುವೆ ಆಗಿದೀಯ."

ಎಲ್ಲರ ಕಣ್ಣು ಅತ್ತ ಇದ್ದಾಗ ಲೋರ್ಪು ಅಪ್ಪನ ಹತ್ತಿರ ಬಗ್ಗಿದಳು. ಗೆಣಸಿನ ತುಂಡಿಗೆ ಇರುವೆ ಮುತ್ತಿತ್ತು. ಅದನ್ನು ಮುಷ್ಟಿಯಲ್ಲಿ ಎತ್ತಿಕೊಂಡು, ಬೆರಳಿಗೆ ಇರುವೆ ಕಚ್ಚಿಸಿಕೊಳ್ಳುತ್ತಲೇ, ಬಳಿದ ಕಾಯಿಯನ್ನು ತಟ್ಟೆಗೆ ಜಾರಿಸಿದಳು.

"ಯಾರದು?" ಅಪ್ಪನ ಕೈ ಚಕ್ಕನೆ ಅವಳ ಮಣಿಕಟ್ಟು ಹಿಡಿಯಿತು.

"ನಾನೇ ಅಪ್ಪಾ. ಬಟ್ಟೆ ಸರಿಮಾಡ್ದೆ."

"ಹೇಳಿ ಮುಟ್ಟಬೇಕು. ಪಹರೆ ಅಂದ್ರೆ ಪಹರೆ."

ಅವಳು ತಲೆ ಎತ್ತಿದಾಗ ಟಾರ್ಪೆ ಅವಳನ್ನೇ ನೋಡುತ್ತಿದ್ದ. ಅಥವಾ ಅವಳ ಹಿಂದಿನ ರಸ್ತೆಯನ್ನು. ಅವಳಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ರಸ್ತೆಯಲ್ಲಿ ಕರಿ ಗಾಡಿಯೊಂದು ಬಂದು ನಿಂತಿತು. ಹೇಳಿದ ಹೊತ್ತಿಗಿಂತ ಬೇಗ. ಅದರಿಂದ ವಾರ್ನಿ ಅಜ್ಜ ಇಳಿದ. ಮಂತ್ರಿ ಕಚೇರಿಯ ಯುವಕನೊಬ್ಬ ಗಾಡಿಯಲ್ಲೇ ಕೂತು ಕಿಟಕಿ ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿದ.

ಅಜ್ಜ ಎಲ್ಲರ ಯೋಗಕ್ಷೇಮ ಕೇಳಿದ. ಹೆಂಡಿರು, ಮಕ್ಕಳು, ಮಳೆ, ಕೆಮ್ಮು. ಎಲ್ಲ ಕೇಳಿ ಮುಗಿದ ಮೇಲೆ ಟಾರ್ಪೆಯ ಕಡೆ ತಿರುಗಿದ.

"ಏನಪ್ಪಾ ಸಾರ್ಜೆಂಟ್, ನನ್ನ ಕೈಗೆ ಏನ್ ಕೊಟ್ಟು ಕಳಿಸ್ತೀರಿ?"

ಟಾರ್ಪೆ ಗಂಡಸರನ್ನು ನೋಡಿದ. ಮುಲ್ಬಾ ಮುಖ ತಿರುಗಿಸಿದ. ಕೆಲವರು ನೆಲ ನೋಡಿದರು. ಯಾರೂ ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಟಾರ್ಪೆ ಟಯರಿನ ಹತ್ತಿರ ಬಂದು, ಕೆರ್ಕುಲಾನ ಭುಜ ಮುಟ್ಟಿ, ಎರಡೂ ಕೈಯಲ್ಲಿ ತಟ್ಟೆ ಎತ್ತಿದ.

"ಜಗಳ ಇಲ್ಲ ಅಜ್ಜಾ. ನಿಮ್ಮ ಮೇಲಿನ ಗೌರವಕ್ಕೆ ಒಂದಿಡೀ ರಾತ್ರಿ ಕಾದಿದೀವಿ. ಮಂತ್ರಿಗಳ ಕೋಲಾ ಮಂತ್ರಿಗಳಿಗೇ ಇರಲಿ. ನಮ್ಮದು ಏನಿದ್ಯೋ ಅದು ಪೂರ್ತಿ ಬರಲಿ."

ಹಿಂದಿನಿಂದ ಮುಲ್ಬಾ ಕೆಟ್ಟ ಮಾತೊಂದನ್ನು ಹಲ್ಲಿನಲ್ಲೇ ಕಡಿದ. ಇನ್ನಿಬ್ಬರು ಎದ್ದು ನಿಂತರು. ಗುಂಪು ಎರಡಾಗುವುದನ್ನು ಲೋರ್ಪು ಕಣ್ಣಾರೆ ಕಂಡಳು. ಆದರೂ ಅವಳ ಉಸಿರು ಸಡಿಲವಾಯಿತು. ತಟ್ಟೆ ಹೋಗುತ್ತಿತ್ತು.

ಅಜ್ಜ ನಿಟ್ಟುಸಿರಿಟ್ಟು ಬಟ್ಟೆ ಸರಿಸಿದ. "ಇಡಿಯಾಗೇ ಇದೆ. ಒಳ್ಳೇ ಕಾವಲು" ಎಂದ. ಕೆರ್ಕುಲಾ ಎದೆ ಸೆಟೆಸಿದ. "ಆದ್ರೆ ರಸ್ತೆ ಧೂಳು ಕೂತಿದೆ. ದೊಡ್ಡೋರ ಮನೆಗೆ ಧೂಳಿನ ಕೋಲಾ ಹಿಂದಕ್ಕೆ ಒಯ್ಯಬಾರದು. ಯಾರಾದ್ರೂ ಚೂರು ನೀರು ಕೊಡಿ."

ಕೋಲಾ ಕೊಡುವಾಗಲೂ ಒಡೆಯುವಾಗಲೂ ತೊಳೆಯುತ್ತಾರೆಂದು ಲೋರ್ಪುವಿಗೆ ಗೊತ್ತಿತ್ತು. ಹಿಂದಕ್ಕೆ ಒಯ್ಯುವಾಗಲೂ ತೊಳೆಯುವವರಿದ್ದಾರೆಂದು ಅವಳು ಎಣಿಸಿರಲಿಲ್ಲ.

ಯಾರೋ ನೀರಿನ ಪ್ಯಾಕೆಟ್ ಹರಿದು ಹಿಡಿದರು. ಅಜ್ಜ ಕಾಯಿಯನ್ನು ಅಂಗೈಯಲ್ಲಿಟ್ಟು ಉಜ್ಜಿದ. ನೀರು ಹಾಲಿನ ಹಾಗೆ ಬೆರಳುಗಳ ಸಂದಿಯಿಂದ ಇಳಿಯಿತು. ಅಜ್ಜನ ಕೈ ನಿಂತಿತು. ಅಂಗೈಯ ನಡುವೆ, ಸುಲಿದ ಗಾಯದ ಹಾಗೆ, ಕೆಂಪು ಕೋಲಾ ಹೊಳೆಯುತ್ತಿತ್ತು.

ಟ್ಯಾಕ್ಸಿಯೊಂದು ಹಾರನ್ ಹೊಡೆಯಿತು. ಅದು ನಿಂತ ಮೇಲೆ ಬೇರೆ ಸದ್ದೇ ಇರಲಿಲ್ಲ.

"ಏನಾಯ್ತು?" ಕೆರ್ಕುಲಾ ಕೇಳಿದ. "ಯಾಕೆಲ್ಲ ಸುಮ್ಮನಾದ್ರಿ? ಲೋರ್ಪು, ಏನಾಯ್ತು?"

ಅವಳು ಅಪ್ಪನ ತೋಳು ಹಿಡಿದಳು.

"ನಾನು ನಿಮ್ಮ ಮುಂದೆ ಮಂಡಿಯೂರಿ ಬಿಳಿ ಕೋಲಾ ಕೊಟ್ಟೆ" ಎಂದ ವಾರ್ನಿ ಅಜ್ಜ. ದನಿ ಏರಿರಲಿಲ್ಲ. "ನೀವು ಕೆಂಪು ಕೊಡ್ತಿದ್ದೀರಿ. ಅದನ್ನೂ ನೇರವಾಗಿ ಕೊಡಲಿಲ್ಲ, ಮೇಲೆ ಬಿಳಿ ಬಳಿದು ಕೊಟ್ರಿ. ಈ ವಯಸ್ಸಲ್ಲಿ ನನ್ನ ಜೊತೆ ಆಟ ಆಡಬಹುದಾ, ಸಾರ್ಜೆಂಟ್?"

ಟಾರ್ಪೆ ಕಾಯಿ ನೋಡಿದ. ಅದರಿಂದ ಅವನ ಕಣ್ಣು ಕೆರ್ಕುಲಾನ ತುಟಿಗೆ ಹೋಯಿತು. ಒರೆಸಿದರೂ ಬಾಯಿಯ ಮೂಲೆಯಲ್ಲಿ ಬಣ್ಣ ಇನ್ನೂ ಉಳಿದಿತ್ತು. ಅಲ್ಲಿಂದ ಮೊಣಕಾಲಿನವರೆಗೆ ಕೆಸರಾದ ಲೋರ್ಪುವಿನ ಕಾಲಿಗೆ, ಬಿಳಿ ಮಣ್ಣು ಮೆತ್ತಿದ ಅವಳ ಉಗುರುಗಳಿಗೆ, ಲಪ್ಪಾದ ತುದಿಯ ಗಂಟಿಗೆ. ಅವಳು ಕೈಗಳನ್ನು ಬೆನ್ನ ಹಿಂದೆ ಎಳೆದುಕೊಂಡಳು. ಈಗ ಹೇಳುತ್ತಾನೆ ಅಂದುಕೊಂಡಳು. ಒಂದೇ ಮಾತು ಸಾಕು. ಅಕ್ಕಿ ಉಗ್ರಾಣದ ಕತೆಯನ್ನು ಇನ್ನು ಮೇಲೆ ಯಾರೂ ಹೇಳುವುದಿಲ್ಲ.

"ಆಟ ಅಲ್ಲ ಅಜ್ಜಾ" ಎಂದ ಟಾರ್ಪೆ. "ಮಂತ್ರಿಗಳು ಕಳಿಸಿದ್ದೂ ಇಂಥದ್ದೇ. ಮೇಲೆ ಬಿಳಿ, ಉಜ್ಜಿ ನೋಡಿದ್ರೆ ಒಳಗೆ ಬೇರೆ ಬಣ್ಣ. ಅವರು ಕೊಟ್ಟ ಹಾಗೇ ನಾವೂ ಕೊಟ್ವಿ. ನಿಮ್ಮ ಕೈ ಬಣ್ಣ ಆಯ್ತಲ್ಲ, ಅದಕ್ಕೆ ಮಾತ್ರ ನಿಮ್ಮ ಕಾಲು ಹಿಡೀತೀನಿ."

ಬಗ್ಗಿ ಅಜ್ಜನ ಪಾದ ಮುಟ್ಟಿದ.

ವಾರ್ನಿ ಅಜ್ಜ ಅವನ ನೆತ್ತಿ ನೋಡಿದ. ಆಮೇಲೆ ಅಜ್ಜನ ಹೊಟ್ಟೆ ಸಣ್ಣಗೆ ಕುಲುಕಿತು. ನಗುವೋ ಕೆಮ್ಮೋ ಲೋರ್ಪುವಿಗೆ ತಿಳಿಯಲಿಲ್ಲ. "ಈ ಮಾತನ್ನ ನಾನು ಬಾಯಲ್ಲಿ ಒಯ್ಯಲಾರೆ" ಎಂದ. "ಕೈಯಲ್ಲೇ ಒಯ್ತೀನಿ." ಒದ್ದೆ ಕೆಂಪು ಕಾಯಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಗಾಡಿ ಹತ್ತಿದ. ಒಳಗಿದ್ದ ಯುವಕ ಏನೋ ಕೇಳಿದ. ಗಾಜು ಮೇಲೇರಿತು.

ಗಾಡಿ ತಿರುಗಿದ ಮೇಲೆ ಮುಲ್ಬಾ ಊರುಗೋಲು ಎಸೆದ. "ಯಾರ್ ಕೇಳಿದ್ರು ನನ್ನ? ಕೆಂಪು ಕೊಡೋಕೆ ಯಾರ್ ಹೇಳಿದ್ರು? ಈಗ ಎರಡು ತಿಂಗಳದ್ದೂ ಹೋಯ್ತು. ಪೊಲೀಸ್ ಲಾರಿ ಬರುತ್ತೆ ನೋಡ್ತಿರು."

"ಬರುತ್ತೆ" ಎಂದ ಟಾರ್ಪೆ. "ಲೋರ್ಪು, ನಾನು ತರೋಕೆ ಹೇಳಿದ್ದು ಒಂದೇ ಅಲ್ವಲ್ಲ. ಉಳಿದಿದ್ದೆಲ್ಲಿ?"

ಅವಳು ಅವನ ಮುಖ ನೋಡಿದಳು. ಅವನು ಕೈ ಚಾಚಿದ್ದ. ಗಂಟು ಬಿಚ್ಚಿ, ಎಲೆ ಸಮೇತ ಅವನ ಕೈಗಿಟ್ಟಳು.

"ನೀನಾ ಕಳಿಸಿದ್ದು?" ಮುಲ್ಬಾ ಬಾಯಿ ಬಿಟ್ಟು ನೋಡಿದ.

"ನಾನಲ್ದೆ ಇನ್ಯಾರು?" ಟಾರ್ಪೆ ಕಾಯಿಗಳನ್ನು ಹಲ್ಲಿನಿಂದ ಸೀಳುತ್ತ, ಉಗುರಿನಷ್ಟು ಉಗುರಿನಷ್ಟು ಚೂರು ಮಾಡುತ್ತ ಹೊರಟ. "ಬೇಡದೋರು ತಗೋಬೇಡಿ. ಎದ್ದು ಹೋದ್ರೂ ಬೇಜಾರಿಲ್ಲ. ತಗೊಂಡೋರು ಮಾತ್ರ ಪೂರ್ತಿ ಬರೋವರೆಗೂ ಏಳೋ ಹಾಗಿಲ್ಲ."

ಒಬ್ಬೊಬ್ಬರ ಮುಂದೂ ನಿಂತ. ಒಬ್ಬಿಬ್ಬರು ಅವನ ಕೈ ನೋಡಿ, ಚಾಪೆ ಸುತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೋದರು. ಉಳಿದವರು ತಗೊಂಡರು. ಮುಲ್ಬಾನ ಮುಂದೆ ಬಂದಾಗ ಅವನು ಸುಮಾರು ಹೊತ್ತು ಬೈದ. ಟಾರ್ಪೆಯನ್ನು, ಮಂತ್ರಿಯನ್ನು, ತನ್ನ ಹೋದ ಕಾಲನ್ನು. ಬೈದು ಮುಗಿಸಿ ಅಂಗೈ ಒಡ್ಡಿದ. "ದೊಡ್ಡ ಚೂರು ಕೊಡು. ನನ್ನ ಹೆಂಡ್ತಿ ಪಾಲೂ ಸೇರಿಸಿ."

ಕೆರ್ಕುಲಾ ತನ್ನ ಚೂರನ್ನು ಮೂಸಿ, ಬಾಯಿಗೆ ಹಾಕಿಕೊಂಡು ಅಗಿದ. "ಪರವಾಗಿಲ್ಲ" ಎಂದ. "ಬೆಳಗ್ಗೆದು ಇನ್ನೂ ಚೆನ್ನಾಗಿತ್ತು."

"ಯಾವ ಬೆಳಗ್ಗೆದು?" ಮುಲ್ಬಾ ತಿರುಗಿದ.

"ಕಾರ್ಪೋರಲ್" ಎಂದ ಟಾರ್ಪೆ, ಪರೇಡಿನ ದನಿಯಲ್ಲಿ. "ಪಹರೇಲಿ ಮಾತಿಲ್ಲ."

"ಸರಿ, ಸಾರ್ಜೆಂಟ್." ಕೆರ್ಕುಲಾ ಕಾಲು ಕೂಡಿಸಿ, ಈಗ ಖಾಲಿಯಾದ ತಟ್ಟೆಯ ಪಕ್ಕ ನೆಟ್ಟಗೆ ನಿಂತ.

ಎಲೆಯಲ್ಲಿ ಕೊನೆಯ ಚೂರು ಉಳಿದಿತ್ತು. ಟಾರ್ಪೆ ಅದನ್ನು ಲೋರ್ಪುವಿನ ಮುಂದೆ ಹಿಡಿದ.

"ಹೆಂಗಸರಿಗೆ ಯಾವಾಗಿಂದ?" ಎಂದಿತು ಹಿಂದಿನಿಂದ ಒಂದು ದನಿ.

ಟಾರ್ಪೆ ತಿರುಗಲಿಲ್ಲ. ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ನಿಂಗೆ ಬಲವಂತ ಇಲ್ಲ ಮಗಳೇ" ಎಂದ. "ಗಾಂಟಾದ ವಿಷಯ ಕಾರ್ಪೋರಲ್ ಹೇಳಿದ್ದ. ಬಾಡಿಗೆಗೆ ಕಡಿಮೆ ಬಿದ್ರೆ ಹೇಗಾದ್ರೂ ಕೂಡಿಸಿ ಕೊಡ್ತೀವಿ. ಅಪ್ಪನ್ನ ನಾವು ನೋಡ್ಕೊತೀವಿ."

ಅವಳು ಚೂರನ್ನು ಅಂಗೈಯಲ್ಲಿ ಹಿಡಿದು ನಿಂತಳು. ಗಾಂಟಾದ ಗಾಡಿ ನಾಳೆ ಬೆಳಿಗ್ಗೆ ಹೊರಡುತ್ತದೆ. ಚಿಕ್ಕಮ್ಮನ ಅಂಗಡಿಯ ಕಿಟಕಿ ಪಕ್ಕದ ಹೊಲಿಗೆ ಯಂತ್ರಕ್ಕೆ ಇನ್ಯಾರೋ ಹುಡುಗಿ ಕೂರುತ್ತಾಳೆ. ನೋಡಿಕೊಳ್ಳುತ್ತೇವೆ ಎಂದ ಗಂಡಸರು ಅಪ್ಪನ ಕೈಗೆ ಬಟ್ಟಲು ಕೊಟ್ಟಾರು. ಬೆಳಗಿನ ಜಾವ ಆ ಕೈ ಎತ್ತ ಚಾಚುತ್ತದೆಂದು ನೋಡುವವರು ಯಾರು? ಕೆಂಪು ಬೇರೆ ಅವಳೇ ತಂದದ್ದು. ಫೋಫಾನಾ ಕೇಳಿದಾಗ, ಅರ್ಥ ಗೊತ್ತಿದ್ದೂ, ಕೊಡಿ ಎಂದಿದ್ದಳು.

ಬಾಯಿಗೆ ಹಾಕಿಕೊಂಡಳು. ಕಹಿ ಕಿವಿಯವರೆಗೂ ಏರಿತು. ಮುಖ ಕಿವುಚಿದ್ದನ್ನು ಕಂಡು ಮುಲ್ಬಾ ನಕ್ಕ, "ನೋಡ್ರೋ, ಹೊಸ ಸಿಪಾಯಿ ಅಳ್ತಾವ್ಳೆ."

ಅವಳು ಅಳುತ್ತಿರಲಿಲ್ಲ. ಉಗುಳದೆ ಅಗಿದು ನುಂಗಿ, ಅಜ್ಜನ ಕೈಗೆ ಸುರಿದು ಮಿಕ್ಕಿದ್ದ ನೀರಿನ ಪ್ಯಾಕೆಟ್ ಎತ್ತಿ ಒಂದು ಗುಟುಕು ಕುಡಿದಳು. ಉಳಿದದ್ದನ್ನು ಅಪ್ಪನ ತುಟಿಗೆ ಹಿಡಿದಳು. ದೂರದಲ್ಲಿ, ಬ್ಯಾರಕ್ಕಿನ ತಿರುವಿನ ಕಡೆ, ಲಾರಿಯೊಂದರ ಭಾರದ ಸದ್ದು ಕೇಳುತ್ತಿತ್ತು. ಯಾರೂ ಎದ್ದು ನೋಡಲಿಲ್ಲ.

"ಸಿಹಿಯಾಗೈತೆ ನೀರು" ಎಂದ ಕೆರ್ಕುಲಾ, ಕಣ್ಣು ಮುಚ್ಚಿ. "ಎಲ್ಲಿಂದ ತಂದೆ?"

"ಕೋಲಾ ತಿಂದ ಮೇಲೆ ಎಲ್ಲಾ ನೀರೂ ಹಂಗೇ ಅಪ್ಪಾ" ಎಂದು ಹೇಳಿ, ಲೋರ್ಪು ತಾಡಪಾಲಿನಡಿಯ ಇದ್ದಿಲೊಲೆಯ ಮುಂದೆ ಕೂತು ಊದತೊಡಗಿದಳು.